ಬುಟ್ಟಿಯಲ್ಲಿ ಇದ್ದದ್ದೇ ಪಲ್ಯ



ಮಳೆ ಹಿಡಿದ ಸಂಜೆ ನಿಮ್ಮ ತರಕಾರಿ ಬುಟ್ಟಿಯನ್ನು ಒಮ್ಮೆ ನೋಡಿ. ಅರ್ಧ ಎಲೆಕೋಸು, ಎರಡು ಆಲೂಗಡ್ಡೆ, ಬಾಡಿದ ಒಂದು ಗಜ್ಜರಿ. "ಮನೆಯಲ್ಲಿ ಏನೂ ಇಲ್ಲ" ಎಂದು ನಾವು ಹೇಳುವುದು ಇಂಥ ಬುಟ್ಟಿಯನ್ನು ನೋಡಿಯೇ ಅಲ್ಲವೇ? ಆ 'ಏನೂ ಇಲ್ಲದ' ಬುಟ್ಟಿಯೇ ಒಂದು ರಾತ್ರಿ ನಮ್ಮ ಮನೆಯಲ್ಲಿ ಒಂಬತ್ತು ಜನರಿಗೆ ಊಟ ಹಾಕಿತು. ಆ ಸಂಗತಿ ಹೇಳುತ್ತೇನೆ, ಕೇಳಿ.

2005ರ ಜುಲೈ 26, ಮಂಗಳವಾರ. ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಕುರ್ಲಾದಲ್ಲಿ ನಮ್ಮದು ಮೂರನೆಯ ಮಹಡಿ. ನೆಲಮಹಡಿಗೆ ನೀರು ನುಗ್ಗಿ, ಅಲ್ಲಿಯ ಎರಡು ಕುಟುಂಬದವರು ನಮ್ಮಲ್ಲಿಗೆ ಬಂದರು. ಕರೆಂಟಿಲ್ಲ, ಲೋಕಲ್ ಗಾಡಿ ನಿಂತಿದೆ, ಫೋನು ಹತ್ತುತ್ತಿಲ್ಲ. ಫೋರ್ಟಿನ ಆಫೀಸಿನಿಂದ ಹೊರಟ ನಮ್ಮ ಮನೆಯವರು ಎಲ್ಲಿದ್ದಾರೋ ಗೊತ್ತಿಲ್ಲ.

ಕೈಕಾಲು ಆಡದೆ ಕುಳಿತಿದ್ದೆ. ಕೆಳಗಿನ ಮನೆಯ ಕಾಕು ನನ್ನ ಹೆಗಲು ಮುಟ್ಟಿ, "ಮಕ್ಕಳು ಹಸಿದಿದ್ದಾರೆ, ಮೊದಲು ಒಲೆ ಹಚ್ಚೋಣ" ಎಂದರು. ನೀರಿಗೆ ಹೆದರಿ ಓಡಿ ಬಂದಾಗಲೂ ಅವರ ಕೈಯಲ್ಲೊಂದು ಡಬ್ಬಿ ಇತ್ತು. ಹುರಿದು ಕುಟ್ಟಿದ ಶೇಂಗಾ ಪುಡಿ. ಮರಾಠಿಯವರು 'ದಾಣ್ಯಾಚೆ ಕೂಟ್' ಎನ್ನುವುದು ಇದನ್ನೇ.

ಕರೆಂಟಿಲ್ಲದೆ ಮಿಕ್ಸರ್ ತಿರುಗದು. ಮಸಾಲೆ ರುಬ್ಬದೆ ಏನು ಮಾಡುವುದು? ಧಾರವಾಡದ ಕಡೆಯ ನಮ್ಮವ್ವ ಹೇಳುತ್ತಿದ್ದ ಮಾತು ನೆನಪಾಯಿತು: "ಕಾಯಿಪಲ್ಯ ಯಾವುದರ ಇರಲಿ. ಒಂದು ಖಾರ, ಒಂದು ಹುಳಿ, ಎಲ್ಲಾ ಹಿಡಿದಿಡಾಕ ಒಂದು ಹಿಟ್ಟೋ ಪುಡಿನೋ ಇದ್ರ ಸಾಕು."

ಸರಿ, ಗ್ಯಾಸ್ ಹಚ್ಚಿದೆ. ಎಣ್ಣೆಗೆ ಸಾಸಿವೆ, ಜೀರಿಗೆ, ಇಂಗು, ಜಜ್ಜಿದ ಬೆಳ್ಳುಳ್ಳಿ, ಒಂದು ಈರುಳ್ಳಿ, ಅರಿಸಿನ. ನಿಧಾನವಾಗಿ ಬೇಯುವ ಆಲೂಗಡ್ಡೆ, ಗಜ್ಜರಿ ಮೊದಲು, ಸಣ್ಣ ಹೋಳಾಗಿ. ನೀರು ಚಿಮುಕಿಸಿ ಐದಾರು ನಿಮಿಷ ಮುಚ್ಚಿಟ್ಟ ಮೇಲೆ ಎಲೆಕೋಸು. ಉಪ್ಪು ಕಡೆಗೆ, ಏಕೆಂದರೆ ಕೋಸು ಕುಗ್ಗುತ್ತದೆ. ರಾಶಿ ನೋಡಿ ಉಪ್ಪು ಹಾಕಿದರೆ ಕೈ ಹೆಚ್ಚಾಗಿಬಿಡುತ್ತದೆ.

ಅಷ್ಟು ಪಲ್ಯ ಒಂಬತ್ತು ಜನರಿಗೆ ಎಲ್ಲಿ ಸಾಲಬೇಕು? ನಾಲ್ಕು ಲೋಟ ನೀರು ಸುರಿದೆ. ಖಾರದ ಪುಡಿ, ಹುಣಸೆಹಣ್ಣಿನ ರಸ, ಚೂರು ಬೆಲ್ಲ ಹಾಕಿದೆ. ಮೂರು ದೊಡ್ಡ ಚಮಚ ಕಡಲೆಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ ಬೆರೆಸಿ, ಹಸಿ ವಾಸನೆ ಹೋಗುವವರೆಗೆ ಕುದಿಸಿದೆ. ಕೊನೆಗೆ ಕಾಕುವಿನ ಶೇಂಗಾ ಪುಡಿ. ಅದನ್ನು ಮೊದಲೇ ಹಾಕಿದರೆ ತಳ ಹಿಡಿಯುತ್ತದೆ. ಪಲ್ಯವೂ ಅಲ್ಲ, ಸಾರೂ ಅಲ್ಲ, ಬಿಸಿ ಅನ್ನಕ್ಕೆ ಸರಿಯಾಗಿ ಕೂಡಿತು. ಮೇಣದ ಬತ್ತಿಯ ಬೆಳಕಿನಲ್ಲಿ ಮಕ್ಕಳು ತಟ್ಟೆ ಬಳಿದು ಉಂಡರು.

ನಿಮ್ಮ ಮನೆಯಲ್ಲಿ ಹುಣಸೆಹಣ್ಣು ಇಲ್ಲವೇ? ಟೊಮೆಟೊ ಇದೆ, ಆಮಸೂಲ ಇದೆ. ನಿಂಬೆಯಾದರೆ ಒಲೆ ಆರಿಸಿದ ಮೇಲೆ ಹಿಂಡಿ. ಮೊಸರಾದರೆ ಕಡಲೆಹಿಟ್ಟಿನೊಂದಿಗೆ ಕಡೆದು, ಸಣ್ಣ ಉರಿಯಲ್ಲಿ ಹಾಕಿ, ಒಡೆಯುವುದಿಲ್ಲ. ಶೇಂಗಾ ಇಲ್ಲದಿದ್ದರೆ ಗುರೆಳ್ಳು ಪುಡಿ, ಒಣಕೊಬ್ಬರಿ, ಪುಟಾಣಿ ಹಿಟ್ಟು, ಯಾವುದಾದರೂ ನಡೆದೀತು. ಆದರೆ ಇದೆಯಲ್ಲಾ ಎಂದು ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿಯಬೇಡಿ. ಒಂದು ಹುಳಿ ಸಾಕು. ಹಾಗಲಕಾಯಿ ಇದ್ದರೆ ಅದಕ್ಕೆ ಬೇರೆ ಬಾಣಲೆ ಇಡಿ. ಇಲ್ಲವಾದರೆ ಅದರ ಕಹಿ ಉಳಿದ ತರಕಾರಿಗೂ ಅಂಟುತ್ತದೆ.

ಮರುದಿನ ಹನ್ನೊಂದು ಗಂಟೆಗೆ ನಮ್ಮ ಮನೆಯವರು ನಡೆದುಕೊಂಡೇ ಬಂದು ಮುಟ್ಟಿದರು. ಮೊಣಕಾಲವರೆಗೆ ಕೆಸರು, ಕಣ್ಣು ಕೆಂಪು. "ಹಸಿವಾಗಿದೆ" ಎಂಬ ಒಂದೇ ಮಾತು. ಅಷ್ಟರಲ್ಲಿ ಬುಟ್ಟಿಯಲ್ಲಿ ಉಳಿದದ್ದು ಒಂದೇ ಈರುಳ್ಳಿ, ಡಬ್ಬಿಯ ತಳದಲ್ಲಿ ಒಂದು ಹಿಡಿ ಕಡಲೆಹಿಟ್ಟು. ಬೇರೇನು ಬೇಕು? ಝುಣಕ ತಿರುವಿದೆ. ಅಡಿಗೆಮನೆಯ ನೆಲದ ಮೇಲೆಯೇ ಕುಳಿತು ಉಂಡರು. ನಾನು ಎದುರಿಗೆ ಕುಳಿತು ನೋಡಿದೆ. ಆಗ ನನಗೂ ಹಸಿವಾಯಿತು. ಹಿಂದಿನ ರಾತ್ರಿ ಎಲ್ಲರಿಗೂ ಬಡಿಸಿ, ನಾನು ಊಟ ಮಾಡುವುದನ್ನೇ ಮರೆತಿದ್ದೆ.

ಇಂದು ಬೆರಳು ಒತ್ತಿದರೆ ಊಟ ಬಾಗಿಲಿಗೆ ಬರುತ್ತದೆ, ನಿಜ. ಆದರೂ ಬೇರೆ ಊರಿನಲ್ಲಿ ಒಬ್ಬರೇ ಇರುವ ನಿಮ್ಮ ಮಗನಿಗೋ ಮಗಳಿಗೋ ಹತ್ತು ಅಡಿಗೆ ಕಲಿಸಲಾಗದಿದ್ದರೆ ಚಿಂತೆಯಿಲ್ಲ. ಒಂದು ಖಾರ, ಒಂದು ಹುಳಿ, ಒಂದು ಹಿಟ್ಟು, ಈ ಲೆಕ್ಕವನ್ನಾದರೂ ಹೇಳಿಕೊಡಿ. ಕಾಯಿಪಲ್ಯದ ಗಾಡಿ ಬಾರದ ದಿನ ಅದು ಅವರ ಕೈ ಹಿಡಿಯುತ್ತದೆ.