ಬಂಗೂರನಗರದ ಕಥೆ
(ಉಳವಿಯ ಸಭೆಯಲ್ಲಿ ಮಾಡಿದ ಭಾಷಣ)



ಚೆನ್ನಬಸವಣ್ಣನವರ ಸಮಾಧಿಯಿರುವ ಈ ಉಳವಿಯಲ್ಲಿ ಕಾಯಕದ ಹಿರಿಮೆಯನ್ನು ನಾವು ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಕಾಯಕದ ಫಲ ಯಾರ ಪಾಲಾಯಿತೆಂದು ಕೇಳಬೇಕಾಗಿದೆ. ಅದಕ್ಕಾಗಿ ನೆರೆಯ ದಾಂಡೇಲಿಯ ಒಂದು ಭಾಗವಾದ ಬಂಗೂರನಗರವನ್ನು ನೋಡೋಣ.

ದಾಂಡೇಲಿ ಮೊದಲು ಕಟ್ಟಿಗೆಯ ಊರು. ಬ್ರಿಟಿಷರ ಕಾಲದಲ್ಲಿ ಅಳ್ನಾವರದಿಂದ ರೈಲುದಾರಿ ಬಂದದ್ದೂ ಕಟ್ಟಿಗೆಗಾಗಿಯೇ. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. 1959ರಲ್ಲಿ ಕಾಗದ ಹೊರಬರತೊಡಗಿತು. ಕಾರಖಾನೆಗೆ ಬೇಕಾದದ್ದು ಮೂರು: ಬಿದಿರು, ನೀರು, ಕೈಗಳು. ಬಿದಿರನ್ನು ಕಾಡು ಕೊಟ್ಟಿತು, ನೀರನ್ನು ಕಾಳಿ ಕೊಟ್ಟಳು, ಕೈಗಳು ಹತ್ತಾರು ಕಡೆಗಳಿಂದ ಬಂದವು. ಕನ್ನಡ, ಕೊಂಕಣಿ, ಮರಾಠಿ, ತೆಲುಗು ಒಂದೇ ಪಾಳಿಯಲ್ಲಿ ದುಡಿದವು. ಮನೆ, ಶಾಲೆ, ಕಾಲೇಜುಗಳ ಬಡಾವಣೆ ಬೆಳೆಯಿತು. ಅದಕ್ಕೆ ಬಂದದ್ದು ಮಾತ್ರ ಮಾಲಿಕರ ಮನೆತನದ ಹೆಸರು.

ಬಿದಿರಿನ ಬೆಲೆ ಎಷ್ಟಿತ್ತು? ಬುಟ್ಟಿ ಹೆಣೆಯುವವರು ಪೇಟೆಯಲ್ಲಿ ಟನ್ನಿಗೆ ಸಾವಿರಕ್ಕೂ ಮೀರಿ ತೆರುತ್ತಿದ್ದಾಗ, ಕಾರಖಾನೆಗೆ ಅದು ಒಂದೂವರೆ ರೂಪಾಯಿಗೆ ಸಿಗುತ್ತಿತ್ತೆಂದು ವಿಜ್ಞಾನಿ ಮಾಧವ ಗಾಡ್ಗೀಳರು ಬರೆದಿದ್ದಾರೆ. ಇಷ್ಟು ಅಗ್ಗದ ಸರಕನ್ನು ಕಾಯುವವರು ಯಾರು?

ಬಿದಿರು ತೀರುತ್ತ ಬಂದಾಗ ಅಪವಾದ ಬಂದದ್ದು ದನಗಾಹಿಗಳ ಮೇಲೆ. 1970ರ ದಶಕದಲ್ಲಿ ಗಾಡ್ಗೀಳರ ತಂಡ ಕಾಡಿಗೇ ಹೋಗಿ ನೋಡಿತು. ಮೆಳೆಯನ್ನು ಹಸನು ಮಾಡುವ ಹೆಸರಿನಲ್ಲಿ ಬುಡದ ಮುಳ್ಳನ್ನು ಸವರಿಹಾಕುತ್ತಿದ್ದರು. ಆ ಮುಳ್ಳೇ ಎಳೆ ಕಳಲೆಗೆ ಬೇಲಿ. ಬೇಲಿ ಹೋದ ಮೇಲೆ ಬಾಯಿಗೆ ಎಟುಕಿದ ಕಳಲೆಯನ್ನು ದನವೂ ಕಾಡುಪ್ರಾಣಿಯೂ ಮೇಯ್ದವು. ಹಳ್ಳಿಯ ಜನ ಇದನ್ನು ಮೊದಲೇ ಬಲ್ಲರು, ಅವರನ್ನು ಕೇಳಿದವರಿಲ್ಲ.

ಕಾರಖಾನೆ ಮುಚ್ಚಲಿ ಎಂದು ನಾವು ಹೇಳುವುದಿಲ್ಲ. ಅದರಿಂದ ಸಾವಿರಾರು ಒಲೆಗಳು ಉರಿಯುತ್ತಿವೆ. ಇಂದು ಅದು ರೈತರು ಬೆಳೆಸಿದ ಮರಗಳನ್ನೂ ಕೊಂಡು ನಡೆಯುತ್ತಿದೆ. ಕೊಂಡು ತಂದರೂ ಕಾಗದ ಆಗುತ್ತದೆಂದು ಇದರಿಂದಲೇ ತಿಳಿಯಿತು. ನಾವು ಹೇಳುವುದಿಷ್ಟೇ: ಕಾಡಿನ ಲೆಕ್ಕ ಕಾಡಿನಂಚಿನವರ ಮುಂದೆ ಬರಲಿ.

2006ರ ಅರಣ್ಯ ಹಕ್ಕು ಕಾಯಿದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಹೆಸರಿಸಿದೆ. ಹಕ್ಕಿನ ಅರ್ಜಿಗಳನ್ನು ಮೊದಲು ಪರಿಶೀಲಿಸುವ ಅಧಿಕಾರ ಗ್ರಾಮಸಭೆಯದು. ಕುಣಬಿಗಳೇ, ಗೌಳಿಗಳೇ, ಸಿದ್ದಿಗಳೇ, ನಿಮ್ಮ ಗ್ರಾಮಸಭೆ ಕೂಡಿದ ದಿನ ಮನೆಯಲ್ಲಿ ಕುಳಿತಿರಬೇಡಿ. ಅರ್ಜಿ ಬರೆಯಲು ಬಾರದಿದ್ದರೆ ನಾವು ಬರೆದುಕೊಡುತ್ತೇವೆ. ಕಾಗದಕ್ಕಂತೂ ನಮ್ಮಲ್ಲಿ ಬರವಿಲ್ಲ.