ಮೈದಾನ ಊರಿನದು, ಪಕ್ಕದ ಮನೆಯೂ ಊರಿನದೇ



ಐರ್ಲೆಂಡಿನಲ್ಲಿ ಬೆಳೆಯುತ್ತಿರುವ ನಿಮ್ಮಲ್ಲಿ ಹಲವರಿಗೆ ಹರ್ಲಿಂಗ್ ಕೋಲು ಹೊಸದಲ್ಲ, ಶಾಲೆಯಲ್ಲೇ ಹಿಡಿದಿರುತ್ತೀರಿ. ಬೇರೆ ದೇಶಗಳಲ್ಲಿ ಕೇಳುತ್ತಿರುವವರಿಗಾಗಿ ಹೇಳುತ್ತೇನೆ: ಹರ್ಲಿಂಗ್, ಗೇಲಿಕ್ ಫುಟ್‌ಬಾಲ್ ಇವು ಐರ್ಲೆಂಡಿನ ಸ್ವಂತ ಆಟಗಳು. 1884ರಲ್ಲಿ ಹುಟ್ಟಿದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್, ಅಂದರೆ ಜಿಎಎ, ಇವನ್ನು ನಡೆಸುತ್ತದೆ. ಇಲ್ಲಿ ಆಟಗಾರರಿಗೆ ಸಂಬಳವಿಲ್ಲ. ದೊಡ್ಡ ದೊಡ್ಡ ಆಟಗಾರರೂ ವಾರವೆಲ್ಲ ತಮ್ಮ ತಮ್ಮ ಕೆಲಸ ಮಾಡಿ, ರಜೆಯ ದಿನ ಮೈದಾನಕ್ಕಿಳಿಯುತ್ತಾರೆ. ಅದಕ್ಕೇ ಜನ ಮೈದಾನವನ್ನು 'ನಮ್ಮದು' ಅನ್ನುತ್ತಾರೆ.

ಅಂಥ ಒಂದು ಮೈದಾನದ ಕಥೆ ಇವತ್ತು ಹೇಳಬೇಕು. ಬೆಲ್‌ಫಾಸ್ಟ್‌ನ ಕೇಸ್‌ಮೆಂಟ್ ಪಾರ್ಕ್.

ನಗರದ ಪಶ್ಚಿಮಕ್ಕಿರುವ ಆಂಡರ್ಸನ್ಸ್‌ಟೌನ್‌ನಲ್ಲಿ ಇದು 1953ರಲ್ಲಿ ತೆರೆಯಿತು. ರೋಜರ್ ಕೇಸ್‌ಮೆಂಟ್ ಕಾಂಗೋದ ರಬ್ಬರ್ ಕಾಡುಗಳಲ್ಲಿ ನಡೆದ ಕ್ರೌರ್ಯವನ್ನು ಜಗತ್ತಿಗೆ ತಿಳಿಸಿದವರು. ಐರ್ಲೆಂಡಿನ ಸ್ವಾತಂತ್ರ್ಯಕ್ಕಾಗಿ ದುಡಿದದ್ದಕ್ಕೆ 1916ರಲ್ಲಿ ಅವರನ್ನು ಗಲ್ಲಿಗೇರಿಸಿದರು. ಒಂದು ಸಮುದಾಯಕ್ಕೆ ಆ ಹೆಸರು ಹೆಮ್ಮೆ, ಇನ್ನೊಂದಕ್ಕೆ ಇರಿಸುಮುರಿಸು. ಉತ್ತರ ಐರ್ಲೆಂಡಿನಲ್ಲಿ ಮೈದಾನ ಕಟ್ಟುವುದೂ ರಾಜಕೀಯವಾಗುವುದು ಹೀಗೆ.

2011ರಲ್ಲಿ ಅಲ್ಲಿನ ಸರ್ಕಾರ ಮೂರು ಆಟಗಳ ಮೈದಾನಗಳಿಗೆ ಹಣ ಕೊಡಲು ತೀರ್ಮಾನಿಸಿತು: ರಗ್ಬಿಗೆ ರೇವನ್‌ಹಿಲ್, ಫುಟ್‌ಬಾಲ್‌ಗೆ ವಿಂಡ್ಸರ್ ಪಾರ್ಕ್, ಗೇಲಿಕ್ ಆಟಗಳಿಗೆ ಕೇಸ್‌ಮೆಂಟ್. ಮೊದಲ ಎರಡೂ ಕೆಲವೇ ವರ್ಷಗಳಲ್ಲಿ ಎದ್ದು ನಿಂತವು. ಕೇಸ್‌ಮೆಂಟ್ 2013ರಲ್ಲಿ ಬಾಗಿಲು ಮುಚ್ಚಿತು. ದಶಕಗಳ ಹಿಂಸೆ, ನಿರುದ್ಯೋಗ ಕಂಡಿದ್ದ ಪ್ರದೇಶ ಅದು. ಹೊಸ ಮೈದಾನ ಬಂದರೆ ಕೆಲಸ ಬರುತ್ತದೆ, ಅಂಗಡಿ ಹೋಟೆಲುಗಳಿಗೆ ವ್ಯಾಪಾರ ಬರುತ್ತದೆ, ಊರಿಗೆ ಕಳೆ ಬರುತ್ತದೆ ಎಂದು ಜನ ಕಾದರು. ವರ್ಷಗಟ್ಟಲೆ ಬಂದದ್ದು ಬೇರೆ ಕಳೆ: ಮೆಟ್ಟಿಲುಗಳ ಸಂದಿಯಲ್ಲಿ ಬೆಳೆದ ಗಿಡಗಂಟಿ.

ಯಾಕೆ ಹೀಗಾಯಿತು? ಮೈದಾನಕ್ಕೆ ಅಂಟಿಕೊಂಡೇ ಮನೆಗಳಿವೆ. 38,000 ಜನ ಕೂರುವ ಕಟ್ಟಡಕ್ಕೆ ಮೊದಲು ಅನುಮತಿ ಸಿಕ್ಕಿತು. ಅಕ್ಕಪಕ್ಕದ ನಿವಾಸಿಗಳು ಕೋರ್ಟಿಗೆ ಹೋದರು. ಅವರಲ್ಲಿ ಆಟದ ಶತ್ರುಗಳು ಯಾರೂ ಇರಬೇಕಾಗಿರಲಿಲ್ಲ. ಹಿತ್ತಿಲಿಗೆ ಬಿಸಿಲು ಬರುವುದು ನಿಂತರೆ ಯಾರಾದರೂ ಕೇಳುತ್ತಾರೆ. 2014ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆ ಅನುಮತಿಯನ್ನು ರದ್ದು ಮಾಡಿತು. ಮರುವರ್ಷ ಸುರಕ್ಷತಾ ತಜ್ಞರೊಬ್ಬರು ಇನ್ನೂ ಗಂಭೀರವಾದ ಮಾತು ಹೇಳಿದರು: ಅವಘಡವಾದರೆ ಅಷ್ಟು ಜನ ಬೇಗ ಹೊರಗೆ ಬರಲು ದಾರಿ ಸಾಲದು.

ಸ್ವಲ್ಪ ಚಿಕ್ಕದಾದ, ಸುಮಾರು 34,500 ಆಸನಗಳ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2021ರಲ್ಲಿ. ಅಷ್ಟರಲ್ಲಿ ವೆಚ್ಚ ಬೆಳೆದಿತ್ತು. 2028ರ ಯೂರೋ ಫುಟ್‌ಬಾಲ್ ಪಂದ್ಯಗಳು ಇಲ್ಲೂ ನಡೆಯುತ್ತವೆ ಎಂಬ ಆಸೆಯೂ ಹುಟ್ಟಿತು. ಮೊದಲು ಸುಮಾರು 77 ಮಿಲಿಯನ್ ಪೌಂಡ್ ಇದ್ದ ಅಂದಾಜು 400 ಮಿಲಿಯನ್ ದಾಟಬಹುದು ಎಂದಾಗ, 2024ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷ್ ಸರ್ಕಾರ ಯೂರೋಗಾಗಿ ಹಣ ಕೊಡುವುದಿಲ್ಲ ಎಂದಿತು. 2025ರ ಜೂನ್‌ನಲ್ಲಿ 50 ಮಿಲಿಯನ್ ಪೌಂಡ್ ಘೋಷಿಸಿತು. ಬಾಗಿಲು ಮುಚ್ಚಿದಾಗ ಹತ್ತು ವರ್ಷದವನಾಗಿದ್ದ ಹುಡುಗನಿಗೆ ಆಗ ಇಪ್ಪತ್ತೆರಡು.

ನೆರೆಯವರನ್ನು ದೂರಿ ಪ್ರಯೋಜನವಿಲ್ಲ. ಅವರ ಮಾತನ್ನು ನಕ್ಷೆ ಬರೆಯುವ ಮೊದಲೇ ಕೇಳಿದ್ದರೆ, ಚಿಕ್ಕ ಮೈದಾನ ಕಡಿಮೆ ಹಣದಲ್ಲಿ ಬೇಗ ಆಗಬಹುದಿತ್ತು ಎಂಬುದು ನನ್ನ ಅನಿಸಿಕೆ. ಹಾಗೆಂದು ಕಾಯುವುದೇನೂ ಪುಕ್ಕಟೆಯಲ್ಲ. ತಡವಾದಷ್ಟೂ ಬೆಲೆ ಏರುತ್ತದೆ, ಒಂದು ತಲೆಮಾರು ತನ್ನ ಊರಿನ ಮೈದಾನದಲ್ಲಿ ಆಡದೆಯೇ ದೊಡ್ಡದಾಗುತ್ತದೆ.

ಡಬ್ಲಿನ್‌ನಲ್ಲಿ 82,300 ಜನ ಹಿಡಿಸುವ ಕ್ರೋಕ್ ಪಾರ್ಕ್ ಇದೆ, ಅದರ ಸುತ್ತಲೂ ಮನೆಗಳೇ. 2014ರಲ್ಲಿ ಗಾರ್ತ್ ಬ್ರೂಕ್ಸ್ ಅವರ ಐದು ಸಂಗೀತ ಕಾರ್ಯಕ್ರಮಗಳಿಗೆ ಸುಮಾರು ನಾಲ್ಕು ಲಕ್ಷ ಟಿಕೆಟ್ ಮಾರಾಟವಾಗಿತ್ತು. ನಿವಾಸಿಗಳು ಆಕ್ಷೇಪಿಸಿದರು, ನಗರಸಭೆ ಮೂರಕ್ಕಷ್ಟೇ ಅನುಮತಿ ಕೊಟ್ಟಿತು, ಕೊನೆಗೆ ಐದೂ ರದ್ದಾದವು. ಕಟ್ಟಿ ಮುಗಿದ ಮೇಲೂ ನೆರೆಯವರ ಮಾತಿಗೆ ತೂಕವಿದೆ ಅಂತಾಯಿತು.

ಇದೆಲ್ಲ ನಿಮಗೆ ಯಾಕೆ ಹೇಳಿದೆ? 'ಇದು ಅವರ ಊರು, ಅವರ ಜಗಳ, ನಮಗ್ಯಾಕೆ' ಎಂದು ನಮ್ಮ ತಲೆಮಾರಿನವರು ಸುಮ್ಮನಿದ್ದುಬಿಟ್ಟೆವು. ನೀವು ಹಾಗಿರಬೇಕಾಗಿಲ್ಲ. ನೀವಿರುವ ಬೀದಿ ನಿಮ್ಮದು. ಬ್ರಿಟನ್‌ನಲ್ಲಿ ಕಟ್ಟಡ ಯೋಜನೆಯ ಬಗ್ಗೆ ಯಾರು ಬೇಕಾದರೂ ಕೌನ್ಸಿಲ್‌ಗೆ ಬರೆಯಬಹುದು. ಐರ್ಲೆಂಡಿನಲ್ಲಿ 20 ಯೂರೋ ಶುಲ್ಕ ಕಟ್ಟಿ ಅಭಿಪ್ರಾಯ ಸಲ್ಲಿಸಬಹುದು. ಪಾಸ್‌ಪೋರ್ಟ್ ಯಾವ ಬಣ್ಣದ್ದು ಎಂದು ಯಾರೂ ಕೇಳುವುದಿಲ್ಲ.

ಮುಂದಿನ ಸಲ ನಿಮ್ಮ ರಸ್ತೆಯ ಕಂಬಕ್ಕೆ ಅಥವಾ ಬೇಲಿಗೆ ಹೊಸ ಕಟ್ಟಡದ ನೋಟಿಸ್ ಅಂಟಿಸಿದ್ದರೆ ಎರಡು ನಿಮಿಷ ನಿಂತು ಓದಿ. ನೆರಳು ಯಾರ ಮನೆಯ ಮೇಲೆ ಬೀಳುತ್ತದೆ, ಹೊರಹೋಗುವ ದಾರಿ ಎಲ್ಲಿದೆ, ಮಕ್ಕಳಿಗೆ ಆಡಲು ಜಾಗ ಉಳಿಯುತ್ತದೆಯೇ ನೋಡಿ. ಒಪ್ಪಿಗೆಯಾದರೆ ಒಪ್ಪಿಗೆ ಎಂದೇ ಬರೆಯಿರಿ. ಅದೂ ಲೆಕ್ಕಕ್ಕೆ ಬರುತ್ತದೆ.