ಕರುಣೆಗೂ ಒಂದು ಕ್ರಮ ಬೇಕು



ಎಲ್ಲಿಯಾದರೂ ನೆರೆ ಬಂದಾಗ, ಭೂಮಿ ಕಂಪಿಸಿದಾಗ, ಗುಡ್ಡ ಕುಸಿದಾಗ ನಿಮ್ಮ ಶಾಲಾ ಕಾಲೇಜುಗಳಲ್ಲಿ ಏನಾಗುತ್ತದೆಂಬುದನ್ನು ನೀವು ಕಂಡಿದ್ದೀರಿ. ಎರಡೇ ದಿನದಲ್ಲಿ ಹಣದ ಡಬ್ಬಿಗಳು ತುಂಬುತ್ತವೆ; ಬಟ್ಟೆ, ಬಿಸ್ಕತ್ತು, ಅಕ್ಕಿ ಮೂಟೆಗಳು ಬಂದು ಸೇರುತ್ತವೆ. 1969ರಲ್ಲಿ, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರು ಹೊರಡಲು ಸಿದ್ಧರಾಗುತ್ತಾರೆ. ಇದು ಹೆಮ್ಮೆಪಡಬೇಕಾದ ಸಂಗತಿ. ಆದರೆ ಮರುಗುವ ಮನಸ್ಸೊಂದಿದ್ದರೆ ಸಾಕೆ? ಈ ಪ್ರಶ್ನೆಯನ್ನು ಇಂದು ನಾವು ಯೋಚಿಸೋಣ.

ಸೇವೆಗೆ ಹೊರಟವರಲ್ಲಿ ಶಾಂತವಾದ ಮನಸ್ಸಿರಬೇಕು, ನೊಂದವರ ದುಃಖದ ಬಗೆಗೆ ಗೌರವವಿರಬೇಕು, ಹಂಚಿಕೆಯಲ್ಲಿ ನ್ಯಾಯವಿರಬೇಕು. ಇವು ಒಂದೇ ಹಗ್ಗದ ಮೂರು ಎಳೆಗಳಂತೆ. ಒಂದು ಸಡಿಲವಾದರೆ ಉಳಿದೆರಡೂ ಬಿಚ್ಚಿಕೊಳ್ಳುತ್ತವೆ.

ಇದಕ್ಕೆ ಇತಿಹಾಸದಲ್ಲಿ ಒಂದು ಒಳ್ಳೆಯ ನಿದರ್ಶನವಿದೆ. 1859ರ ಜೂನ್ 24ರಂದು ಇಟಲಿಯ ಸೋಲ್ಫೆರಿನೊ ಎಂಬಲ್ಲಿ ಘೋರ ಯುದ್ಧ ನಡೆಯಿತು. ವ್ಯವಹಾರದ ಕೆಲಸಕ್ಕಾಗಿ ಅತ್ತ ಬಂದಿದ್ದ ಹೆನ್ರಿ ಡ್ಯೂನಾಂಟ್ ಎಂಬ ಸ್ವಿಟ್ಜರ್ಲೆಂಡಿನ ಯುವಕ, ಸಮೀಪದ ಕಾಸ್ತಿಲಿಯೋನೆ ಪಟ್ಟಣದ ಇಗರ್ಜಿಗಳಲ್ಲಿ ಗಾಯಾಳುಗಳು ರಾಶಿರಾಶಿಯಾಗಿ ನರಳುತ್ತಿರುವುದನ್ನು ಕಂಡರು. ಅವರು ವೈದ್ಯರಲ್ಲ. ಆದರೂ ಊರಿನ ಹೆಂಗಸರನ್ನು ಕೂಡಿಸಿಕೊಂಡು, ನೀರು, ಆಹಾರ, ಗಾಯಕ್ಕೆ ಕಟ್ಟುವ ಬಟ್ಟೆ ಇವನ್ನೆಲ್ಲ ಒಂದು ಕ್ರಮದಿಂದ ಒದಗಿಸಿದರು. ಗಾಯಾಳು ಯಾವ ಪಕ್ಷದ ಸೈನಿಕನೆಂದು ಅಲ್ಲಿ ಯಾರೂ ಕೇಳಲಿಲ್ಲ. ಸಾಯುತ್ತಿದ್ದವರ ಕೊನೆಯ ಮಾತುಗಳನ್ನು ಮನೆಯವರಿಗೆ ಮುಟ್ಟಿಸುವ ಹೊಣೆಯನ್ನೂ ಡ್ಯೂನಾಂಟರು ಹೊತ್ತರು. ಈ ಅನುಭವದಿಂದಲೇ 1863ರಲ್ಲಿ ರೆಡ್ ಕ್ರಾಸ್ ಹುಟ್ಟಿಕೊಂಡಿತು. 1901ರಲ್ಲಿ ಮೊಟ್ಟಮೊದಲ ನೊಬೆಲ್ ಶಾಂತಿ ಪುರಸ್ಕಾರವನ್ನು ಹಂಚಿಕೊಂಡ ಇಬ್ಬರಲ್ಲಿ ಅವರೂ ಒಬ್ಬರು.

ಮೊದಲಿಗೆ ಶಾಂತ ಮನಸ್ಸಿನ ವಿಚಾರ. ಗಾಬರಿಗೊಂಡವನ ಕಿವಿಗೆ ಗಟ್ಟಿಯಾಗಿ ಕೂಗುವವರ ದನಿ ಮಾತ್ರ ಕೇಳಿಸುತ್ತದೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ತಮಿಳುನಾಡಿನ ನಾಗಪಟ್ಟಿನಂ ಜಿಲ್ಲೆಯೊಂದರಲ್ಲೇ 6,000ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ದೇಶದ ಎಲ್ಲೆಡೆಯಿಂದ ನೆರವು ಹರಿದುಬಂತು. ಆದರೆ ಏನು ಬೇಕೆಂದು ವಿಚಾರಿಸದೆ ಕಳುಹಿಸಿದ ಹಳೆಯ ಬಟ್ಟೆಗಳು ಯಾರಿಗೂ ಬೇಡವಾಗಿ ರಸ್ತೆಬದಿಯಲ್ಲಿ ರಾಶಿಬಿದ್ದವು. ಕಳುಹಿಸಿದವರ ಮನಸ್ಸು ಒಳ್ಳೆಯದೇ. ಇಲ್ಲದ್ದು ಅರೆಗಳಿಗೆಯ ತಾಳ್ಮೆ. ಆದ್ದರಿಂದ ಹೊರಡುವ ಮುನ್ನ ಆ ಜಿಲ್ಲೆಯ ಅಧಿಕಾರಿಗಳನ್ನೋ ಅಲ್ಲಿಯ ಜನರನ್ನೋ ಕೇಳಿ. ಕೇಳಿದ್ದನ್ನಷ್ಟೇ ಕೂಡಿಸಿ, ಕೂಡಿದ್ದಕ್ಕೆ ಲೆಕ್ಕವಿಡಿ. ಶಿಬಿರದಲ್ಲಿ ಸರದಿಯಂತೆ ದುಡಿಯಿರಿ, ಸರದಿ ಮುಗಿದಾಗ ಉಂಡು ಮಲಗಿರಿ. ನಿದ್ದೆಗೆಟ್ಟವನಿಗೆ ಸಿಟ್ಟು ಬೇಗ ಬರುತ್ತದೆ. ಆ ಸಿಟ್ಟು ಎರಗುವುದು ತಟ್ಟೆ ಹಿಡಿದು ನಿಂತ ನಿರಾಶ್ರಿತನ ಮೇಲೆ.

ಎರಡನೆಯದು ದುಃಖಕ್ಕೆ ಸಲ್ಲಬೇಕಾದ ಗೌರವ. ನಮ್ಮ ಹಳ್ಳಿಗಳ ಒಂದು ವಾಡಿಕೆಯನ್ನು ನೆನೆಯಿರಿ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನೆರೆಹೊರೆಯವರು ಅಡಿಗೆ ಮಾಡಿ ತಂದುಕೊಡುತ್ತಾರೆ, ಸುಮ್ಮನೆ ಬಳಿಯಲ್ಲಿ ಕೂರುತ್ತಾರೆ. ಯಾರೂ ಉಪದೇಶ ಮಾಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಇತರ ಸಂಸ್ಥೆಗಳೊಡನೆ ಪ್ರಕಟಿಸಿದ ಕೈಪಿಡಿಯೂ ಇಂಥದನ್ನೇ ಹೇಳುತ್ತದೆ: ನೋಡಿ, ಆಲಿಸಿ, ಬೇಕಾದ ನೆರವಿನೊಡನೆ ಜೋಡಿಸಿ, ನಡೆದದ್ದನ್ನು ಹೇಳೆಂದು ಯಾರನ್ನೂ ಒತ್ತಾಯಿಸಬೇಡಿ. 'ಎಲ್ಲ ವಿಧಿ, ಮರೆತುಬಿಡಮ್ಮ' ಎಂದು ಮಗುವನ್ನು ಕಳೆದುಕೊಂಡ ತಾಯಿಗೆ ಹೇಳುವುದು ಸಮಾಧಾನವಾಗಲಾರದು. 'ನಾನು ಇಲ್ಲೇ ಇದ್ದೇನೆ, ಏನು ಬೇಕಾದರೂ ಹೇಳಿ' ಎಂದರೆ ಸಾಕು.

ಸತ್ತವರಿಗೂ ಗೌರವ ಸಲ್ಲಬೇಕು. ಪ್ರಕೃತಿ ವಿಕೋಪದಲ್ಲಿ ಮಡಿದವರ ಶವಗಳಿಂದ ಸಾಂಕ್ರಾಮಿಕ ರೋಗ ಹಬ್ಬುತ್ತದೆಂಬ ಭಯ ಸಾಮಾನ್ಯವಾಗಿ ಆಧಾರವಿಲ್ಲದ್ದೆಂದು ತಜ್ಞರು ತಿಳಿಸಿದ್ದಾರೆ. ಆ ಭಯದಿಂದ ಗುರುತು ದಾಖಲಿಸದೆ ಅವಸರವಾಗಿ ಹೂಳಿಬಿಟ್ಟರೆ, ಬಂಧುಗಳು ಜೀವನವಿಡೀ ಹುಡುಕುತ್ತಲೇ ಇರಬೇಕಾಗುತ್ತದೆ. 2024ರ ಜುಲೈ 30ರಂದು ನಮ್ಮ ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಕುಸಿಯಿತು. ಗುರುತು ಸಿಗದ ದೇಹಗಳನ್ನು ಪುತ್ತುಮಲೆಯಲ್ಲಿ ಸರ್ವಧರ್ಮ ಪ್ರಾರ್ಥನೆಯೊಡನೆ ಮಣ್ಣುಮಾಡಿದರು. ಒಂದೊಂದು ಸಮಾಧಿಗೂ ಒಂದು ಸಂಖ್ಯೆ ಕೊಟ್ಟರು, ಮುಂದೆ ಡಿಎನ್‌ಎ ಪರೀಕ್ಷೆಯಿಂದ ಗುರುತು ಹಿಡಿಯಲೆಂದು. ಆ ಸಂಖ್ಯೆಯ ಹಿಂದಿದ್ದ ಎಚ್ಚರವನ್ನು ಗಮನಿಸಿ. ಅಳುತ್ತಿರುವವರ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆಯದಿರುವುದೂ ಇಂಥದೇ ಎಚ್ಚರ.

ಇನ್ನು ಮೂರನೆಯದು, ಎಲ್ಲಕ್ಕಿಂತ ಕಠಿಣವಾದದ್ದು, ನ್ಯಾಯ. ಅದೇ ಸುನಾಮಿಯ ದಿನಗಳಲ್ಲಿ ದೋಣಿ, ಬಲೆ ಕಳೆದುಕೊಂಡವರ ನಷ್ಟ ಎಲ್ಲರ ಕಣ್ಣಿಗೂ ಬಿತ್ತು. ದೋಣಿಯ ಒಡೆತನವಿಲ್ಲದೆ ಅದೇ ದಡದಲ್ಲಿ ಕೂಲಿ ಮಾಡುತ್ತಿದ್ದ ಅನೇಕ ದಲಿತ ಹಾಗೂ ಬುಡಕಟ್ಟು ಕುಟುಂಬಗಳು ಪಟ್ಟಿಯಿಂದಲೇ ಹೊರಗುಳಿದವು. ಕೆಲವು ಶಿಬಿರಗಳಲ್ಲಿ ಅವರನ್ನು ದೂರವಿಟ್ಟರೆಂಬ ವರದಿಗಳೂ ಬಂದವು. ಅಲೆ ಜಾತಿ ಕೇಳಲಿಲ್ಲ. ಅನ್ನ ಬಡಿಸುವಾಗ ಮನುಷ್ಯ ಕೇಳಿದ! ಇದಕ್ಕಿಂತ ನಾಚಿಕೆಗೇಡು ಬೇರೆಯಿಲ್ಲ.

ರೆಡ್ ಕ್ರಾಸ್ ಚಳವಳಿ ಮತ್ತು ಹಲವು ಸ್ವಯಂಸೇವಾ ಸಂಸ್ಥೆಗಳು 1994ರಲ್ಲಿ ರೂಪಿಸಿದ ನಡವಳಿಕೆಯ ಸಂಹಿತೆಯ ಪ್ರಕಾರ, ನೆರವಿಗೆ ಅಗತ್ಯವೊಂದೇ ಅಳತೆಗೋಲು. ನೆರವು ಪಡೆಯುವವರನ್ನು ಘನತೆಯುಳ್ಳ ಮನುಷ್ಯರೆಂದೇ ತೋರಿಸಬೇಕೆಂದೂ ಅದು ಹೇಳುತ್ತದೆ. ಮುಂದೆ ಸ್ಫಿಯರ್ ಎಂಬ ಮಾನದಂಡಗಳು ಬಂದವು. ಅವುಗಳಂತೆ ಪ್ರತಿಯೊಬ್ಬರಿಗೂ ದಿನಕ್ಕೆ ಕನಿಷ್ಠ 15 ಲೀಟರು, ಅಂದರೆ ಸುಮಾರು ಒಂದು ದೊಡ್ಡ ಕೊಡದಷ್ಟು, ನೀರು ಸಿಗಬೇಕು. 20 ಜನರಿಗೆ ಒಂದರಂತೆ ಶೌಚಾಲಯವಿರಬೇಕು. ಅಳತೆಯೊಂದು ಇದ್ದರೆ 'ನಮಗೇಕೆ ಇಲ್ಲ?' ಎಂದು ಕೇಳುವ ಹಕ್ಕು ಬಡವನಿಗೂ ದೊರೆಯುತ್ತದೆ. ಆಗ ನೆರವು ಕೊಡುವವರ ಮರ್ಜಿಗೆ ಬಿಟ್ಟ ಭಿಕ್ಷೆಯಾಗುವುದಿಲ್ಲ.

ಎಲ್ಲರಿಗೂ ಸಮನಾಗಿ ಹಂಚಿದರೆ ನ್ಯಾಯವಾಯಿತೆಂದು ಕೆಲವರು ಭಾವಿಸುತ್ತಾರೆ. ಗಟ್ಟಿಮುಟ್ಟಾದ ಯುವಕನಿಗೂ ಬಾಣಂತಿಗೂ ಒಂದೇ ಒಂದು ಕಂಬಳಿ ಕೊಟ್ಟರೆ ಲೆಕ್ಕ ಸರಿಹೋದೀತು, ಆದರೆ ಹಸುಗೂಸು ಚಳಿಯಲ್ಲಿ ನಡುಗುತ್ತದೆ. ಸಾಲಿನಲ್ಲಿ ನಿಲ್ಲಲಾರದ ಮುದುಕರು, ಅಂಗವಿಕಲರು, ಕೇಳಲು ಸಂಕೋಚಪಡುವ ಹೆಂಗಸರು ಇದ್ದೇ ಇರುತ್ತಾರೆ. ಅವರಿಗಾಗಿ ಬೇರೊಂದು ಪಟ್ಟಿ ಮಾಡಿ, ಅವರಿದ್ದಲ್ಲಿಗೇ ಹೋಗಿ. ಸಾಮಾನು ಮುಗಿದಿದ್ದರೆ ಮುಗಿದಿದೆಯೆಂದು ಮುಚ್ಚುಮರೆಯಿಲ್ಲದೆ ತಿಳಿಸಿ. ಸುಳ್ಳು ಭರವಸೆ ಕೊಡಬೇಡಿ.

ಮಿತ್ರರೇ, ನಾಳೆ ನೀವು ಇಂಥ ಶಿಬಿರವೊಂದರಲ್ಲಿ ಕೆಲಸ ಮಾಡಬೇಕಾಗಿ ಬಂದೀತು. ಅಂದಿನ ಕೆಲಸ ಮುಗಿದ ಮೇಲೆ ಎಷ್ಟು ಜನರಿಗೆ ಹಂಚಿದೆವೆಂದು ಎಣಿಸುವುದು ಸಹಜ. ಅದರ ಜೊತೆಗೆ, ಇಂದು ನಮ್ಮ ಸಾಲಿಗೆ ಬಾರದೆ ಉಳಿದವರು ಯಾರು ಎಂದೂ ಪರಸ್ಪರ ಕೇಳಿಕೊಳ್ಳಿ. ಆ ಉತ್ತರದಿಂದ ನಾಳಿನ ಕೆಲಸ ಆರಂಭವಾಗಲಿ.